ಬಸ್ಸಿನಷ್ಟು ಉದ್ದದ ಬೀಳು

ಅಜ್ಜಂಪುರಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಡಿಗೆ ಮನೆಯ ಹಿಂಬಾಗಿಲು ತೆರೆದವನು ಹೆದರಿ ಹಾಗೆಯೇ ಮುಚ್ಚಿಬಿಟ್ಟೆ. ಎದುರಿಗೆ ಏನೂ ಇರಲಿಲ್ಲ. ತೆಂಗಿನ ಮರ ಅಡ್ಡವಿಲ್ಲ, ಪಕ್ಕದ ಮನೆಯ ಪಾಗಾರವಿಲ್ಲ. ಕಪ್ಪು ಹೊಲ ನೇರ ಹೋಗಿ ಆಕಾಶಕ್ಕೆ ತಾಗಿತ್ತು. ಉಡುಪಿ, ಕುಂದಾಪುರದ ಕಡೆಯ ನಾವು ಅಷ್ಟು ದೂರವನ್ನು ಒಮ್ಮೆಗೇ ನೋಡುವುದು ಕಡಲಿನಲ್ಲಿ ಮಾತ್ರ.

ನಮ್ಮೂರಿನ ಎಕ್ಸ್‌ಪ್ರೆಸ್ ಬಸ್ಸುಗಳ ಟೈಮಿಂಗ್ ನಿಮಗೆ ಗೊತ್ತಲ್ಲ ಮಾರಾಯ್ರೇ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ನಮ್ಮ ಜನರನ್ನೆಲ್ಲ ತುಂಬಿಕೊಂಡು ಹೋಗುತ್ತಾನೆ. ಇಪ್ಪತ್ತೆರಡು ವರ್ಷ ಹಾಗೆ ಓಡಿಸಿದೆ. ಊಟವನ್ನೂ ಹಾಗೆಯೇ ಮಾಡಿದೆ, ಜಗಳವನ್ನೂ ಹಾಗೆಯೇ ಮಾಡಿದೆ. ಕೊನೆಗೆ ಬಿಪಿ ಏರಿ, ಒಂದು ವರ್ಷ ಬಸ್ಸಿನ ಸ್ಟೇರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು. ಅದೇ ಹೊತ್ತಿಗೆ ಬ್ಯಾಂಕಿನಲ್ಲಿರುವ ನನ್ನ ಹೆಂಡತಿ ಶಶಿಕಲಾಗೆ ಇಲ್ಲಿಗೆ ವರ್ಗವಾಯಿತು. ಒಂದು ವರ್ಷ ಕಳೆದ ಕೂಡಲೇ ನಾನು ವಾಪಸು ಬಸ್ಸಿಗೆ, ಎಂದು ಅವಳಿಗೆ ಹೇಳಿಯೇ ಬಂದಿದ್ದೆ.

ಅವಳು ಬ್ಯಾಂಕಿಗೆ ಹೋದರೆ ಮನೆಯಲ್ಲಿ ನಾನೊಬ್ಬ. ಮಾತಾಡಲು ಜನವಿಲ್ಲ. ಶುಕ್ರವಾರ ಮೀನಿನ ಗಾಡಿ ಬರುತ್ತಿತ್ತು. ಅದರ ಬಂಗುಡೆಯ ಕಣ್ಣು ನೋಡಿದರೆ ಅದೂ ನನ್ನ ಹಾಗೆ ಊರು ಬಿಟ್ಟು ಬಹಳ ದಿನವಾಗಿದೆ ಎಂದು ತಿಳಿಯುತ್ತಿತ್ತು. ಕುಚಲಕ್ಕಿ ಗಂಜಿಯ ಜಾಗಕ್ಕೆ ರಾಗಿ ಮುದ್ದೆ ಬಂತು. ನಾನದನ್ನು ಜಗಿದು ಜಗಿದು ತಿನ್ನುವುದನ್ನು ಕಂಡು ಮನೆಯ ಯಜಮಾನಿ ಹಾಲಮ್ಮ ಹೊಟ್ಟೆ ಹಿಡಿದು ನಕ್ಕರು. "ಅಗೀಬಾರ್ದು ಕಣಪ್ಪಾ, ನುಂಗ್ಬೇಕು." ಈ ಊರಲ್ಲಿ ಬೇಗ ಮಾಡುವ ಕೆಲಸ ಅದೊಂದೇ ಎಂದು ನನಗೆ ಅನ್ನಿಸಿತ್ತು.

ಹಾಲಮ್ಮನಿಗೆ ಅರವತ್ತು ದಾಟಿದೆ. ನಮ್ಮ ಹಿಂಬಾಗಿಲಿನಿಂದ ಕಾಣುವ ಮೂರೆಕರೆ ಅವರದೇ. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದಾಗ ಅವರ ಟ್ರ್ಯಾಕ್ಟರ್ ಓಡಿಸುವವನು ತರೀಕೆರೆಗೆ ಮದುವೆಗೆಂದು ಹೋಗಿದ್ದ.

"ಡ್ರೈವರ್ ಅಲ್ವೇನಪ್ಪಾ ನೀನು? ಒಂದ್ಸಲ ಉತ್ತುಕೊಡು. ಆದ್ರೆ ಮೊದ್ಲು ಬರಿಗಾಲಲ್ಲಿ ಹೊಲ ನಡ್ಕಂಡು ಬಾ. ನಮ್ಮನೇಲಿ ಹೊಲ ತುಳೀದೆ ನೇಗಿಲು ಇಳಿಸಾಕಿಲ್ಲ."

ಪೂಜೆಯಂಥದ್ದೇನೋ ಇರಬೇಕು ಎಂದುಕೊಂಡು ಬದುವಿನ ಮೇಲೆ ನಾಲ್ಕು ಹೆಜ್ಜೆ ಹಾಕಿ, ಆಯಿತು ಎಂದೆ. ತಿಂಗಳುಗಟ್ಟಲೆ ಸ್ಟೇರಿಂಗ್ ಮುಟ್ಟದ ಕೈ. ಟ್ರ್ಯಾಕ್ಟರನ್ನು ಉಡುಪಿ ಎಕ್ಸ್‌ಪ್ರೆಸ್ಸಿನ ಹಾಗೆ ಓಡಿಸಿ, ಮಧ್ಯಾಹ್ನದೊಳಗೆ ಹೊಲ ಮುಗಿಸಿ ಎದೆಯುಬ್ಬಿಸಿ ಇಳಿದೆ.

ಆಗ ಕೇಳಿಸಿತು. ಉದ್ದ ಹಳದಿ ಕಾಲಿನ ಎರಡು ಹಕ್ಕಿಗಳು ಉತ್ತ ಮಣ್ಣಿನ ಮೇಲೆ ಸುತ್ತಿ ಸುತ್ತಿ ಚೀರುತ್ತಿದ್ದವು. ಇಲ್ಲಿನವರು ತೇನೆಹಕ್ಕಿ ಎನ್ನುತ್ತಾರೆ, ಪುಸ್ತಕದ ಟಿಟ್ಟಿಭ. ಅದು ಗೂಡು ಕಟ್ಟುವುದಿಲ್ಲ, ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಹಾಲಮ್ಮ ಸಾಲಿನಲ್ಲಿ ಬಗ್ಗಿ ಒಂದು ಚೂರು ಚಿಪ್ಪು ಎತ್ತಿ ನನ್ನ ಅಂಗೈಯಲ್ಲಿಟ್ಟರು.

"ನಡೀಲಿಲ್ಲ ಅಲ್ವಾ ನೀನು?" ಎಂದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಸಂಜೆಯವರೆಗೂ ಆ ಹಕ್ಕಿಗಳು ಚೀರುವುದನ್ನು ನಿಲ್ಲಿಸಲಿಲ್ಲ. ನನಗೆ ನಾಚಿಕೆಯಾಯಿತು.

ಎರಡನೇ ಉಳುಮೆಗೆ ಹೊತ್ತಾಗುವಷ್ಟರಲ್ಲಿ ಜೂನ್ ಬಂದಿತ್ತು. ಈ ಸಲ ಚಪ್ಪಲಿ ಬಿಟ್ಟು ಒಂದು ಮೂಲೆಯಿಂದ ಹೊರಟೆ. ಮೂರೆಕರೆಗೆ ಒಂದೂವರೆ ಗಂಟೆ ಹಿಡಿಯಿತು. ಏನೂ ಇಲ್ಲ ಅಂದುಕೊಂಡಿದ್ದ ನೆಲದಲ್ಲಿ ಎಷ್ಟೊಂದು ಇತ್ತು! ಸಗಣಿ ಉಂಡೆಯನ್ನು ಹಿಂಗಾಲಲ್ಲಿ ಉರುಳಿಸಿಕೊಂಡು ಹೋಗುವ ಹುಳ, ಮಳೆಗೆ ಎದ್ದ ಕೆಂಪು ಮಖಮಲ್ಲಿನಂಥ ಪುಟ್ಟ ಹುಳ, ಕಾಲ ಬುಡದಿಂದ ಪುರ್ರೆಂದು ಎದ್ದು ಹಾಡುತ್ತಲೇ ಮೇಲೇರುವ ನೆಲಗುಬ್ಬಿ. ಮಧ್ಯದ ದಿಬ್ಬದಲ್ಲಿ ಎತ್ತಿದ ಪಾದ ಇಡದೆ ನಿಂತುಬಿಟ್ಟೆ. ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆ. ಅದೇ ಜೋಡಿ ಮತ್ತೆ ಇಟ್ಟಿತ್ತು, ಅಥವಾ ನಾನು ಹಾಗೆ ನಂಬಿದೆ.

ಹಾಲಮ್ಮ ಹಳೇ ಸೀರೆಯ ಅಂಚು ಹರಿದು ಕೊಟ್ಟರು. ಮೊಟ್ಟೆಯ ಸುತ್ತ ನಾಲ್ಕು ಕೋಲು ನೆಟ್ಟು ಅದನ್ನು ಕಟ್ಟಿ, ಉಳಿದ ಹೊಲ ಉತ್ತೆ. ಬಂದು ನೋಡಿದ ಹಾಲಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. "ಒಂದು ಮೊರದಷ್ಟು ಬಿಟ್ರೆ ಸಾಕಾಗಿತ್ತು ಕಣೋ! ಹಕ್ಕಿ ಮಕ್ಳಿಗೆ ಸ್ಕೂಲ್ ಕಟ್ಟಿಸ್ತೀಯಾ?" ನಿಜ, ಡ್ರೈವರನ ಕಣ್ಣಳತೆ. ಸರಿಯಾಗಿ ಒಂದು ಬಸ್ಸು ನಿಲ್ಲುವಷ್ಟು ಜಾಗ ಬಿಟ್ಟಿದ್ದೆ. ಅವರು ಕೋಲು ಕೀಳಿಸಲಿಲ್ಲ. "ದಿಬ್ಬದ ಮ್ಯಾಲೆ ಇಟ್ಟೈತೆ, ಮಳೆ ಚೆನ್ನಾಗಾಯ್ತದೆ ಬಿಡು," ಎಂದು ಹೋದರು.

ಅಂದಿನಿಂದ ಬದುವಿನ ಜಾಲಿ ನೆರಳೇ ನನ್ನ ಸೀಟು. ಬಿಸಿಲೇರಿದಾಗ ತಾಯಿ ಹಕ್ಕಿ ದನದ ತೊಟ್ಟಿಯ ಬಳಿಯ ಕೊಚ್ಚೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತಿತ್ತು. ಅದು ಹೋದರೆ ಗಂಡು ಕಾವಲು. ಒಂದು ದಿನ ಹಾಗೆ ನೋಡುತ್ತಾ ಕೂತವನಿಗೆ ಗಡಿಯಾರ ಕಟ್ಟದೆ ಬಂದದ್ದು ಸಂಜೆಯಷ್ಟೇ ಗೊತ್ತಾಯಿತು.

ಆ ವಾರವೇ ಬಸ್ಸಿನ ಧಣಿ ಫೋನ್ ಮಾಡಿದರು. "ಒಂದು ವರ್ಷ ಆಯ್ತಲ್ಲ, ಸೋಮವಾರ ಬಾ. ಇಲ್ಲದಿದ್ರೆ ಬೇರೆಯವನನ್ನು ಇಡ್ತೇನೆ."

"ಮೊಟ್ಟೆ ಒಡೆಯುವವರೆಗೆ ಸಮಯ ಕೊಡಿ ಧಣಿ."

"ಎಂತ, ಕೋಳಿ ಸಾಕಿದ್ದೀಯಾ?"

ಏನೆಂದು ವಿವರಿಸಲಿ? ಇಪ್ಪತ್ತೆರಡು ವರ್ಷದ ಸೀಟು ಅದು. ಶನಿವಾರ ರಾತ್ರಿ ಬ್ಯಾಗು ತುಂಬಿದೆ, ಭಾನುವಾರ ತೆಗೆದಿಟ್ಟೆ. ಶಶಿಕಲಾ, "ನಿಮ್ಮ ಇಷ್ಟ," ಎಂದಳು. ಆದರೆ ಬ್ಯಾಗು ಖಾಲಿಯಾದ ಮೇಲೆ ಅದನ್ನು ಅಟ್ಟಕ್ಕೆ ಎಸೆದವಳು ಅವಳೇ. ಸೋಮವಾರ ಬೆಳಿಗ್ಗೆ ನನ್ನ ಬಸ್ಸು ಬೇರೆಯವನ ಕೈಯಲ್ಲಿ ಹೊರಟಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಹದಿನೇಳು ದಿನದ ಮೇಲೆ ಮೊಟ್ಟೆಗಳು ಒಡೆದವು. ಮೂರು ಮರಿ. ನಾಲ್ಕನೆಯದು ಮರಿಯಾಗಲಿಲ್ಲ. ಗರಿ ಆರಿದ್ದೇ ತಡ, ಕಡ್ಡಿಕಾಲಿನ ಮೇಲೆ ನಡೆದು, ಸೀರೆಯಂಚಿನ ಕೆಳಗೆ ನುಸುಳಿ ಹೊರಟೇಹೋದವು. ನಾನು ಬದುವಿನ ಮೇಲೆ ಕೂತು ಅತ್ತೆ.

ಈಗ ರಾಗಿ ಮೊಣಕಾಲುದ್ದ ಬೆಳೆದಿದೆ. ನಡುವೆ ಬಸ್ಸಿನಷ್ಟು ಉದ್ದದ ಬೀಳು ಮಾತ್ರ ಹುಲ್ಲು ಹುಟ್ಟಿ ಹಾಗೆಯೇ ಉಳಿದಿದೆ. ಇವತ್ತಿಗೂ ಮೊದಲ ಟ್ರಿಪ್ಪಿನ ಹೊತ್ತಿಗೇ ಎಚ್ಚರವಾಗುತ್ತದೆ. ಊರು ಬಹಳ ನೆನಪಾದರೆ ಹೋಗಿ ಆ ಬೀಳಿನ ಮುಂದಿನ ಬಲಮೂಲೆಯಲ್ಲಿ, ಡ್ರೈವರ್ ಸೀಟು ಇರಬೇಕಾದ ಕಡೆ, ಕೂರುತ್ತೇನೆ. ಮೊನ್ನೆ ಹಾಲಮ್ಮ ಕಳೆ ಕೀಳುತ್ತಾ ಆ ದಾರಿಯಲ್ಲಿ ಬಂದರು.

"ಏನಪ್ಪಾ ಡ್ರೈವರ್ರೇ, ಎಲ್ಲಿಗ್ಹೊಂಟೈತೆ ಬಸ್ಸು?"

"ಉಡುಪಿಗೆ ಕಣಮ್ಮಾ," ಎಂದೆ. "ಹತ್ತಿ. ಆದ್ರೆ ನಿಧಾನಕ್ಕೆ ಹೋಗೋದು."

ಅವರು ಕುಡುಗೋಲು ಬದಿಗಿಟ್ಟು ನನ್ನ ಹಿಂದಿನ ಸೀಟಿನಲ್ಲಿ ಕೂತರು.