ಅಣ್ಣ ತುಂಬಿದ ಚೀಲ

ನಮ್ಮಣ್ಣ ನಂಜುಂಡ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಟೀ ಕುಡಿಯುವಾಗಲೂ ಅಡುಗೆಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಅಡುಗೆಮನೆಗೆ ಓಡಾಡುತ್ತ ಒಂದೊಂದೇ ಬೆರಳು ಮಡಚುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಜಪ ಮಾಡುತ್ತಿದ್ದಾನೆ ಅನ್ನಿಸಬೇಕು. ಹತ್ತಿರ ಹೋದರೆ, "ಎದೆಪಟ್ಟಿ ಆರು, ಸ್ಪೇರ್ ಎರಡು. ಬೂಟೀಸು ನಲವತ್ತೆಂಟು. ಎಳೆಯೋ ಹಗ್ಗ. ಕೊಕ್ಕೆ. ಸ್ಟೋವು..."

ಮೆಲ್ಬರ್ನಿನ ಕ್ಲೇಟನ್‌ನಲ್ಲಿದ್ದುಕೊಂಡು ಬಸ್ ಓಡಿಸುತ್ತಿದ್ದವನಿಗೆ, ಹಿಮದ ಮೇಲೆ ನಾಯಿಗಳಿಂದ ಜಾರುಬಂಡಿ ಎಳೆಸುವ ಹುಚ್ಚು ಎಲ್ಲಿಂದ ಹಿಡಿಯಿತೋ. ನಾವು ಮದ್ದೂರಿನ ಕಡೆಯವರು. ಐಸ್ ಕಂಡಿದ್ದು ಸೋಡಾ ಅಂಗಡಿಯಲ್ಲಿ. ಸಾಕಲಾರದೆ ಜನ ಬಿಟ್ಟುಬಿಟ್ಟ ಹಸ್ಕಿ ಜಾತಿಯ ನಾಯಿಗಳನ್ನು ಒಂದೊಂದಾಗಿ ತಂದು, ಊರಾಚೆ ಪರಿಚಯದವರ ಜಮೀನಿನಲ್ಲಿ ಇಟ್ಟಿದ್ದ. ಎಡಕ್ಕೆ, ಬಲಕ್ಕೆ, ನಿಲ್ಲು, ಎಲ್ಲವನ್ನೂ ಕನ್ನಡದಲ್ಲೇ ಕಲಿಸಿದ್ದ. "ನನ್ ಮಕ್ಕಳು ವಾಟ್ ಡ್ಯಾಡ್ ಅಂತವೆ. ಇವು ನೋಡು, ಬಾರೇ ರಾಣಿ ಅಂದ್ರೆ ಬತ್ತವೆ" ಎಂದು ನಗುತ್ತಿದ್ದ. ರಾಣಿ ಮುಂದಾಳು. ಅವಳ ಮೂತಿ ಆಗಲೇ ಬೆಳ್ಳಗಾಗಿತ್ತು.

ನಾನು ಓದಿದ್ದು ಏಳನೇ ಕ್ಲಾಸು. ಸಿಡ್ನಿಯ ಟೂಂಗಾಬಿಯಲ್ಲಿ ರವಿಕೆ ಹೊಲಿಯುತ್ತೇನೆ. ನಾಯಿಗಳ ಬೂಟೀಸು, ಅಂದರೆ ಹಿಮ ಚುಚ್ಚದಂತೆ ಪಾದಕ್ಕೆ ತೊಡಿಸುವ ಚೀಲ, ಹೊಲಿಯುವ ಕೆಲಸವನ್ನು ಅಣ್ಣ ನನಗೇ ಕೊಟ್ಟ. ಒಂದೊಂದು ಪಾದವನ್ನೂ ಕಾಗದದ ಮೇಲೆ ಗೀಚಿ ಕಳಿಸುತ್ತಿದ್ದ. ಫೋನಿನಲ್ಲಿ ಬೇರೆ ಪಾಠ: "ರವಿಕೆ ಥರ ಬಿಗಿ ಮಾಡ್ಬೇಡ ಕಣೆ ಜಯಿ. ಕಾಲು ಊದ್ಕೊಂಡ್ರೆ ಅವು ಬಾಯ್ಬಿಟ್ಟು ಹೇಳಲ್ಲ." ಮನೆಗೆ ಬಂದ ಇಂಜಿನಿಯರು, ಡಾಕ್ಟರುಗಳ ಮುಂದೆ, "ನನ್ ಟೀಮ್ ಅಂದ್ರೆ ಆರು ನಾಯಿ, ಒಬ್ಳು ತಂಗಿ" ಅನ್ನುತ್ತಿದ್ದ. ಅಂಥವರ ಮುಂದೆ ನನ್ನನ್ನು ಯಾವುದಕ್ಕಾದರೂ ಸೇರಿಸಿ ಮಾತಾಡಿದವನು ಅವನೊಬ್ಬನೇ.

ಅಮ್ಮ ಕೊನೆಗಾಲದಲ್ಲಿ ಮರೆವಿನ ಕಾಯಿಲೆಯಿಂದ ನಮ್ಮಿಬ್ಬರ ಗುರುತೂ ಹಿಡಿಯದೆ ಹೋದಳು. ಅಲ್ಲಿಂದೀಚೆಗೆ ಅಣ್ಣನ ಎಣಿಕೆ ಹೆಚ್ಚಾಯಿತು. ಒಂದು ಸಲ ಎಣಿಸುತ್ತಿದ್ದದ್ದನ್ನು ಮೂರು ಸಲ ಎಣಿಸತೊಡಗಿದ.

ಆ ವರ್ಷ ಹಿಮ ಬೀಳುವ ಬೆಟ್ಟದಲ್ಲಿ ಎರಡು ದಿನದ ಜಾರುಬಂಡಿ ಓಟ. ರಾಣಿಗೆ ಅದೇ ಕೊನೆಯದು. ನಾನು ಸಿಡ್ನಿಯಿಂದ ಹೋಗಿದ್ದೆ. ಅಣ್ಣ ಹೊಸ ಕೊಕ್ಕೆ ಕೊಂಡಿದ್ದ. ಎರಡು ಹಲ್ಲಿನ ಕಬ್ಬಿಣ. ಬಂಡಿ ನಿಲ್ಲಿಸಿದಾಗ ಹಿಮದೊಳಕ್ಕೆ ತುಳಿದು ಊರಿದರೆ ನಾಯಿಗಳು ಎಳೆದರೂ ಬಂಡಿ ಕದಲುವುದಿಲ್ಲ. ಸಂಜೆ ಎಲ್ಲವನ್ನೂ ಎಣಿಸಿ ಚೀಲದ ಬಾಯಿ ಕಟ್ಟಿದ. "ಇನ್ನು ಯಾರೂ ಕೈ ಹಾಕ್ಬೇಡಿ" ಅಂದ.

ನಾನು ಹಾಕಿದೆ. ಹೊಸ ಕಬ್ಬಿಣ ಪೂಜೆಯಿಲ್ಲದೆ ಹೊಸಿಲು ದಾಟುವುದು ನನ್ನ ಮನಸ್ಸಿಗೆ ಬರಲಿಲ್ಲ. ನಮ್ಮಲ್ಲಿ ಹೊಸ ಕುಡುಗೋಲಿಗೂ ಕುಂಕುಮ ಇಟ್ಟೇ ಗದ್ದೆಗೆ ಒಯ್ಯುತ್ತಿದ್ದದ್ದು. ಕೊಕ್ಕೆಯನ್ನು ತೆಗೆದು, ಕುಂಕುಮ ಹಚ್ಚಿ, ಹೂವಿಟ್ಟು ದೇವರ ಗೂಡಿನಲ್ಲಿಟ್ಟೆ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಮರೆತೆ.

ಬೆಟ್ಟದ ಮೇಲೆ, ಓಟಕ್ಕೆ ಮೊದಲು ಸಾಮಾನು ಪರೀಕ್ಷೆ. ಪಟ್ಟಿ ಹಿಡಿದ ಹೆಂಗಸು ಒಂದೊಂದೇ ಹೆಸರು ಕೂಗುತ್ತಿದ್ದಳು. ಸ್ನೋ ಹುಕ್ ಅಂದಾಗ ಅಣ್ಣ ಚೀಲಕ್ಕೆ ಕೈ ಹಾಕಿದ. ಮತ್ತೆ ಹಾಕಿದ. ಚೀಲವನ್ನೇ ಹಿಮದ ಮೇಲೆ ಬೋರಲು ಹಾಕಿದ. ನನಗೆ ತಕ್ಷಣ ಗೊತ್ತಾಯಿತು.

"ಹಾಕಿದ್ನಲ್ಲ ಜಯಿ? ನೀನೂ ನೋಡಿದ್ಯಲ್ಲ?"

"ನಾನ್ ನೋಡ್ಲಿಲ್ಲ ಅಣ್ಣ" ಅಂದೆ. "ಮರ್ತಿರ್ಬೇಕು ನೀನು."

ಪಕ್ಕದ ತಂಡದವನು ತನ್ನ ಹೆಚ್ಚುವರಿ ಕೊಕ್ಕೆ ತಂದುಕೊಟ್ಟ. ಅಷ್ಟಕ್ಕೆ ಎಲ್ಲ ಸರಿಹೋಗುತ್ತಿತ್ತು. ಅಣ್ಣ ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತ. ಅವನು ಹಾಗೆ ಅಲ್ಲಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಇದನ್ನೇ ಮರ್ತೋನು ಇನ್ನೇನು ಮರ್ತಿದೀನೋ. ಆರು ಜೀವ ಕಟ್ಕೊಂಡು ಕಾಡಿಗೆ ಹೋಗ್ಬೇಕು ಕಣೆ" ಎಂದು ಹಿಂದಕ್ಕೆ ಕೊಟ್ಟುಬಿಟ್ಟ. ಉಳಿದ ತಂಡಗಳು ಹೊರಟವು. ರಾಣಿ ಹಗ್ಗ ಜಗ್ಗಿ ಜಗ್ಗಿ ಊಳಿಟ್ಟಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಎಲ್ಲರೆದುರು ಒಂದು ಬೈಗುಳ ತಿಂದಿದ್ದರೆ ಮುಗಿಯುತ್ತಿತ್ತು. ಮುಂದಿನ ಸಲ ನನ್ನನ್ನು ಟೀಮ್ ಅನ್ನುವುದಿಲ್ಲವೇನೋ ಎಂಬ ಹೆದರಿಕೆ.

ಅದಕ್ಕಿಂತ ಕೆಟ್ಟದ್ದು ಮನೆಗೆ ಬಂದ ಮೇಲೆ ಮಾಡಿದೆ. ಅಣ್ಣ ಸ್ನಾನಕ್ಕೆ ಹೋದಾಗ ಕೊಕ್ಕೆಯ ಕುಂಕುಮ ಒರೆಸಿ ಗ್ಯಾರೇಜಿನ ಕಪಾಟಿನಲ್ಲಿಟ್ಟೆ. ಅವನೇ ಹುಡುಕಿ ತೆಗೆದ. ಅದನ್ನು ಕೈಯಲ್ಲಿ ಹಿಡಿದು ಅತ್ತಿಗೆಗೆ ಹೇಳಿದ: "ಅಮ್ಮಂಗೂ ಹಿಂಗೇ ಅಲ್ವಾ ಶುರುವಾಗಿದ್ದು?"

ಚಳಿಗಾಲ ಮುಗಿಯುವುದರೊಳಗೆ ನಾಯಿಗಳನ್ನು ಒಳ್ಳೆಯ ಮನೆಗಳಿಗೆ ಕೊಟ್ಟ. ಡಾಕ್ಟರು ಏನೂ ಇಲ್ಲ ಅಂದರೂ ನಂಬಲಿಲ್ಲ. ಬಸ್ಸಿನ ಕೆಲಸವನ್ನೂ ಬಿಟ್ಟ.

ಕೊನೆಯ ಸಲ ಟೂಂಗಾಬಿಗೆ ಬಂದಾಗ ಊಟದ ನಡುವೆ ನಾಲ್ಕು ಸಲ ಎದ್ದ. ಐದನೆಯ ಸಲ ಏಳಲಿಲ್ಲ. ನನ್ನ ಮುಖ ನೋಡಿದ. "ಕಾರ್ ಲಾಕ್ ಮಾಡಿದೀನಾ ನೋಡ್ಕೊಂಡು ಬಾ ಜಯಿ. ನೀನ್ ಹೇಳಿದ್ರೆ ಸಮಾಧಾನ."

ಎಂಜಲು ಕೈಯಲ್ಲೇ ಹೊರಗೆ ಹೋದೆ. ಕಾರು ಲಾಕ್ ಆಗಿತ್ತು. ಕೊಕ್ಕೆಯ ವಿಷಯ ಈಗ ಹೇಳಿಬಿಡುತ್ತೇನೆ ಎಂದುಕೊಂಡೇ ಒಳಗೆ ಬಂದೆ.

"ಮಾಡಿದ್ದೀಯ ಅಣ್ಣ" ಅಂದೆ.

"ಸದ್ಯ" ಎಂದು ಅನ್ನ ಕಲಸಿಕೊಂಡ. ಅವನು ನೆಮ್ಮದಿಯಾಗಿ ಉಣ್ಣುತ್ತಿದ್ದ. ಉಂಡು ಮುಗಿಸಲಿ ಎಂದು ಕಾದೆ. ನಾನು ಹೇಳುವ ಮೊದಲೇ, ಅದೇ ತಿಂಗಳು, ಅವನ ಎದೆಬಡಿತ ನಿಂತಿತು.