ಬೀಗರಿಗೆ ಬಿಟ್ಟ ಜಾಗ

ಲಾರಿ ಓಡಿಸಲು ಕಲಿಸುವಾಗ ಅಣ್ಣ ನನಗೆ ಸೆಕೆಂಡು, ಮೀಟರು ಅಂತ ಏನೂ ಹೇಳಲಿಲ್ಲ. ಹೇಳಿದ್ದರೂ ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ತಲೆಗೆ ಹತ್ತುತ್ತಿತ್ತೋ ಇಲ್ಲವೋ. ಸ್ವಂತ ಅಣ್ಣನಲ್ಲ. ನಮ್ಮ ವಿಜಯಪುರದ ಕಡೆಯವನು, ಪುಣೆಯಲ್ಲಿ ನನಗಿಂತ ಮೊದಲು ಸ್ಟೇರಿಂಗು ಹಿಡಿದವನು.

"ಮುಂದಿನ ಗಾಡಿ ಒಂದು ಕಂಬ ದಾಟಿತಂದ್ರ, 'ಎಲ್ಲವ್ವ ತಾಯಿ, ನಿನ್ನಾಲ್ಕ ಉಧೋ ಉಧೋ' ಅನ್ನು. ಲೋಡ್ ಇದ್ರ ಎರಡು ಸಲ, ಮಳಿ ಇದ್ರ ಮೂರು ಸಲ. ಅನ್ನೂದು ಮುಗಿಯೂದ್ರಾಗ ನೀ ಆ ಕಂಬಕ್ಕ ಬಂದಿ ಅಂದ್ರ, ಭಾಳ ಹತ್ರ ಅದಿ ಅಂತ ತಿಳಿ."

ಅಂದಿನಿಂದ ನಾನು ಹಾಗೇ ಓಡಿಸಿದ್ದೇನೆ. ನನ್ನ ಲಾರಿ ಇವತ್ತಿನವರೆಗೆ ಒಬ್ಬರ ಬೆನ್ನಿಗೂ ತಾಗಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಕುರಕುಂಭದ ಕಾರ್ಖಾನೆಯಿಂದ ಪುಣೆಯ ಹಡಪಸರದ ಗೋದಾಮಿಗೆ ನಾವಿಬ್ಬರೂ ಜೋಡಿಯಾಗಿ ಡ್ರಮ್ಮು ಸಾಗಿಸುತ್ತಿದ್ದೆವು. ಮುಂದೆ ಅಣ್ಣ, ಹಿಂದೆ ನಾನು. ಅವನ ಮನೆಯ ಕಡಕ್ ರೊಟ್ಟಿ, ನಮ್ಮ ಮನೆಯ ಶೇಂಗಾ ಚಟ್ನಿ; ಊಟ ಒಟ್ಟಿಗೇ. ಗೋದಾಮಿನಲ್ಲಿ ಜೋಡಿಯ ಎರಡೂ ಲಾರಿ ಬಂದರೇನೇ ಮಾಲು ಇಳಿಸಲು ಪಾಳಿ ಕೊಡುತ್ತಿದ್ದರು. ವರ್ಷ ಕಳೆದಂತೆ ರಸ್ತೆಯಲ್ಲಿ ಗಾಡಿಗಳು ಹೆಚ್ಚಿದವು. ನಾನು ಬಿಟ್ಟ ಜಾಗಕ್ಕೆ ಕಾರು ನುಗ್ಗುತ್ತಿತ್ತು. ವೇಗ ಇಳಿಸಿ ಮತ್ತೆ ಜಾಗ ಬಿಟ್ಟರೆ ಅಲ್ಲಿಗೊಂದು ರಿಕ್ಷಾ. ಅಣ್ಣ ಕಿಟಕಿಯಿಂದ ಕೈ ಹೊರಹಾಕಿ ಬಾ, ಬಾ ಎಂದು ಬೀಸುತ್ತಲೇ ಇರುತ್ತಿದ್ದ. ನಾನು ಗೇಟು ಮುಟ್ಟುವಷ್ಟರಲ್ಲಿ ಪಾಳಿ ತಪ್ಪಿರುತ್ತಿತ್ತು.

ಒಂದು ಮಧ್ಯಾಹ್ನ ಗೇಟಿನ ಮುಂದೆ, ಉಳಿದ ಡ್ರೈವರುಗಳ ಎದುರಿಗೇ ಸಿಡಿದ.

"ಏನೋ ತಮ್ಮಾ, ನಡುವ ಬೀಗರು ಕೂಡಾಕ ಜಾಗಾ ಬಿಟ್ಟಿಯೇನು? ಎಲಿ ಹಾಕಿಸ್ಲೇನು ಅವರಿಗೆ?"

ಎಲ್ಲರೂ ನಕ್ಕರು.

"ನೀನ ಕಲಿಸಿದ್ದಲ್ಲಣ್ಣಾ, ಎಲ್ಲವ್ವನ ಮಾತು?"

"ಅದು ಕಲಿಯೂ ಮಂದಿಗೆ. ಹಿಂಗ ಬಿಟ್ಕೋತ ಬಂದ್ರ ನಾ ಮನಿ ಯಾವಾಗ ಮುಟ್ಟಲಿ? ನಾಳಿಂದ ಅಂಟಿಕೊಂಡ ಬರೂದಾದ್ರ ಬಾ. ಇಲ್ಲಂದ್ರ ಬ್ಯಾರೆ ಜೋಡಿ ನೋಡ್ಕೊ."

"ನಿನ್ನ ಬೆನ್ನಿಗೆ ಹಾಯೂಕಿಂತ ಒಬ್ಬನ ಬರೂದು ಛಲೋ," ಅಂದೆ.

ಮಾತು ನಿಜವೇ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ನಕ್ಕವರಿಗೂ ಕೇಳಲೆಂದು ಗಟ್ಟಿಯಾಗಿ ಅಂದಿದ್ದೆ. ರೊಟ್ಟಿ ಮುರಿಯುವಾಗ ಮೆಲ್ಲಗೆ ಅಂದಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿದ್ದನೇನೋ. ಮರುದಿನ ಅವನು ಬೇರೆ ಜೋಡಿ ಹಿಡಿದ. ಆ ಲಾರಿ ಅವನ ಬಾಲಕ್ಕೇ ಕಟ್ಟಿದಂತೆ ಹೋಗುತ್ತದೆ. ನೋಡಿದಾಗಲೆಲ್ಲ ನನ್ನ ಕಾಲು ತಾನಾಗಿ ಬ್ರೇಕು ಹುಡುಕುತ್ತದೆ.

ಮೊನ್ನೆ ಹಡಪಸರದ ಹತ್ತಿರ ಅಣ್ಣನ ಲಾರಿ ನನ್ನ ಮುಂದೆಯೇ ಸಿಕ್ಕಿತು. ಹಿಂದೆ ಜೋಡಿಯವನಿರಲಿಲ್ಲ. ಕಿಟಕಿಯಿಂದ ಕೈ ಹೊರಗೆ ಬಂತು. ಮೊದಲಿನಂತೆ ಬಾ ಎನ್ನುತ್ತಿದ್ದಾನೆ ಅಂದುಕೊಂಡೆ. ಲಾರಿಯನ್ನು ಸ್ವಲ್ಪ ಮುಂದೊತ್ತಿಯೂ ಬಿಟ್ಟೆ. ಅವನು ಕಪ್ಪಿನಲ್ಲಿ ಉಳಿದ ಚಹಾ ಜಾಡಿಸಿ ಕೈ ಒಳಗೆಳೆದುಕೊಂಡ, ಅಷ್ಟೇ.

ಅವನ ಲಾರಿ ಕಂಬ ದಾಟಿತು. ನಾನು ಎಲ್ಲವ್ವನನ್ನು ನೆನೆಯತೊಡಗಿದೆ. ಎರಡನೆಯ ಸಲ ಮುಗಿಯುವುದರೊಳಗೆ ಒಂದು ಬಿಳಿ ಕಾರು ಬೀಗರ ಹಾಗೆ ನಡುವೆ ಬಂದು ಕೂತಿತು. ವೇಗ ಇಳಿಸಿ ಮತ್ತೆ ಜಾಗ ಬಿಟ್ಟೆ.