ಅರಿಶಿನ ಬಳಿದ ತೊಟ್ಟಿಲು

ಕಮರಿಪೇಟೆಯ ನಮ್ಮ ಮನೆಯಲ್ಲಿ ಅಪ್ಪ ತೊಟ್ಟಿಲು ಮಾಡುತ್ತಿದ್ದ. ಬಣ್ಣ ಹಾಕುವವರು ನಾನು ಮತ್ತು ಅಣ್ಣನ ಹೆಂಡತಿ, ಮುಗದ ಎಂಬ ಹಳ್ಳಿಯಿಂದ ಬಂದ ಹೊಸ ಸೊಸೆ. ದಾಳಿಂಬೆ ಸಿಪ್ಪೆಯನ್ನು ಪಟಿಕದ ಜೊತೆ ಅರ್ಧ ದಿನ ಕುದಿಸಿ, ಆ ಹಳದಿ ನೀರನ್ನು ಕಟ್ಟಿಗೆಗೆ ಮೂರು ಸಲ ಬಳಿಯಬೇಕು. ಒಂದು ದಿನ ಬೇಸರವಾಗಿ ನಾನು ಅರಿಶಿನ ಕಲಸಿ ಬಳಿದುಬಿಟ್ಟೆ. ನೋಡಲು ಇನ್ನೂ ಚೆಂದ ಕಂಡಿತು.

ಎಂಟು ದಿನಕ್ಕೆ ಆ ತೊಟ್ಟಿಲು ಒಯ್ದ ಮುದುಕಿ ಕೂಸಿನ ಬಟ್ಟೆ ಹಿಡಿದು ಬಂದಳು. ಕೂಸು ಒದ್ದೆ ಮಾಡಿದಾಗ ಅರಿಶಿನ ಬಟ್ಟೆಗೆ ಹತ್ತಿ, ಸೋಪು ತಾಗಿದ ಕೂಡಲೇ ರಕ್ತದಂತೆ ಕೆಂಪಾಗಿತ್ತು.

"ಮಿಸ್ತ್ರಿ, ಕೂಸಿಗೆ ರಕ್ತ ಹೋಗಾಕತ್ತೈತಿ ಅಂತ ನನ್ನ ಮಗಳು ಎದಿ ಒಡಕೊಂಡ್ಲು. ಬಣ್ಣ ಬಿಡೂದಿಲ್ಲ ಅಂದಿದ್ಯಲ್ಲ?"

ಅಪ್ಪ ಬಟ್ಟೆ ಮೂಸಿದ. "ಅರಿಶಿಣ! ಯಾರ ಬಳದೋರು?"

ನಾನು ಬಣ್ಣದ ಗಡಿಗೆ ತಿಕ್ಕತೊಡಗಿದೆ. ಅತ್ತಿಗೆ ನನ್ನ ಮುಖ ನೋಡಿ, "ನಾನರೀ ಮಾವಾರ" ಎಂದಳು.

"ಹಳ್ಳಿಯಾಕಿ ಕೈಯಾಗ ಕೊಟ್ಟಿದ್ದ ನನ್ನ ತಪ್ಪು. ಇನ್ನ ಬಣ್ಣದ ಗಡಿಗಿ ಮುಟ್ಟಬ್ಯಾಡ."

ಆ ಮನೆಯಲ್ಲಿ ಅವಳು ಹಾಡಿಕೊಂಡು ಮಾಡುತ್ತಿದ್ದ ಕೆಲಸ ಅದೊಂದೇ. ಅಪ್ಪ ಸಾಯುವವರೆಗೂ ಅವಳು ಗಡಿಗೆ ಮುಟ್ಟಲಿಲ್ಲ. ನಾನು ನಿಜ ಹೇಳಲೂ ಇಲ್ಲ.

ಆಮೇಲೆ ನನಗೆ ಮಗ ಹುಟ್ಟಿದಾಗ, ಅತ್ತಿಗೆಯೇ ಸಿಪ್ಪೆ ಕುದಿಸಿ ತೊಟ್ಟಿಲಿಗೆ ಬಣ್ಣ ಬಳಿದಳು. ಬಾಣಂತಿಯಾದ ನಾನು ಎದ್ದು ಹೋಗಿ, ಅದರಲ್ಲಿ ಒದ್ದೆಯಾದ ಕೂಸಿನ ಬಟ್ಟೆಗೆ ಸೋಪು ಹಚ್ಚಿ ಉಜ್ಜಿ ನೋಡಿದೆ. ಕೆಂಪಾಗಲಿಲ್ಲ.

"ಯಾಕವಾ, ನಿನ್ನಂಗ ಬಳದೇನಿ ಅಂತ ತಿಳದಿಯೇನು?" ಹಿಂದೆ ನಿಂತಿದ್ದ ಅತ್ತಿಗೆ ನಕ್ಕಳು.

ನಾನು ತಲೆ ಎತ್ತದೆ ಬಟ್ಟೆ ಹಿಂಡುತ್ತಾ ಕುಳಿತೆ.